ಖಾವ್ ಸೋಯ್ ಹುಡುಕಿದ ಭಾನುವಾರಗಳು

ಜನವರಿ 9, ಮಂಗಳವಾರ

ಇವತ್ತಿಡೀ ಬಾಲ. ಪಿಂಗಾಣಿ ಕಾರ್ಖಾನೆಗೆ ಹೊಸ ಆರ್ಡರ್ ಬಂದಿದೆ. ಬಟ್ಟಲುಗಳು ಹಲಗೆ ಹಲಗೆ ಬಂದು ಕೂತಿವೆ. ಪಕ್ಕದಲ್ಲಿ ಕೂರೋ ಯುಪಿನ್ ಹುಂಜದ ಮೈ ಬರೀತಾಳೆ, ಕೆಂಪಲ್ಲಿ. ನಾನು ಕಪ್ಪು ಬಾಲ. ಚಳಿಗೆ ಬೆರಳು ಮರಗಟ್ಟಿ ಮೊದಲನೇ ಹಲಗೆಯ ಬಾಲಗಳೆಲ್ಲಾ ಕೆಟ್ಟವು.

"ಏನೇ ಇದು, ಹುಂಜಾನೋ ನೆಂದ ಪೊರಕೇನೋ?" ಅಂದಳು ಯುಪಿನ್.

ಊಟದ ಹೊತ್ತಿಗೆ ಫೋನ್. ಮೂನ್ ಅತ್ತಿಗೆ. ನನ್ನ ಗಂಡ ಖಾಂಪಾನ್‌ನ ಅಕ್ಕ. ಹೊಸ ವರ್ಷಕ್ಕೆ ಬಿಟ್ಟರೆ ಫೋನ್ ಮಾಡೋರೇ ಅಲ್ಲ.

"ಸೆಂಗ್‌ಲಾ, ಕೂತ್ಕೊಂಡಿದೀಯಾ?"

"ಕೂತೇ ಅಲ್ವಾ ಅತ್ತಿಗೆ ನಮ್ಮ ಕೆಲಸ. ಹೇಳಿ."

"ಖಾಂಪಾನ್ ಚೀವರ ಬಿಟ್ಟ ಕಣೇ, ಈಗ ಭಿಕ್ಷು ಅಲ್ಲ. ನಿನ್ನೆ ಸಾಯಂಕಾಲ ಬಂದ. ನಮ್ಮನೇಲೇ ಇದಾನೆ."

"ಸರಿ" ಅಂದೆ. ಇನ್ನೇನು ಅನ್ನೋದು? ಮಧ್ಯಾಹ್ನವೆಲ್ಲಾ ಕೆಲಸ ಮಾಡಿದೆ. ಬಾಲ ಚೆನ್ನಾಗೇ ಬಂದವು. ಮನೆಗೆ ಬಂದು ಬ್ಯಾಗ್ ತೆಗೆದರೆ ಡಬ್ಬಿ ಹಾಗೇ ಇದೆ... ಊಟ ಮಾಡೋದೇ ಮರೆತಿದ್ದೆ.

ಜನವರಿ 10, ಬುಧವಾರ

ಮಿಂಗ್‌ಗೆ ಆಗಲೇ ಸುದ್ದಿ ಮುಟ್ಟಿದೆ. ಚಿಯಾಂಗ್ ರಾಯ್‌ನಲ್ಲಿದ್ದರೂ ಅವಳ ಕಿವಿ ಈ ಊರಲ್ಲೇ. ಬ್ಯಾಂಕಿಂದ ಹೊರಗೆ ಬಂದು ಫೋನ್ ಮಾಡಿದಳು. ಹಿಂದೆ ವಾಹನಗಳ ಗಲಾಟೆ.

"ಅಮ್ಮ, ಬಾಗಿಲು ತೆಗೀಬೇಡ."

"ಇನ್ನೂ ಯಾರೂ ತಟ್ಟಿಲ್ಲ ಮಗಳೇ."

"ತಟ್ತಾರೆ. ನಿನ್ನ ಗುಣ ನಂಗೊತ್ತು. ಅಯ್ಯೋ ಪಾಪ ಅಂತ ಅನ್ನ ಹಾಕ್ತೀಯಾ."

"ಇಷ್ಟು ವರ್ಷ ಹಾಕಿದೀನಲ್ಲ, ಭಿಕ್ಷಾಪಾತ್ರೆಗೆ."

ನಗಲಿಲ್ಲ ಅವಳು. ಅಪ್ಪ ವಿಹಾರಕ್ಕೆ ಹೋದಾಗ ಅವಳಿಗೆ ಎಂಟು ವರ್ಷ. ಅತ್ತೆಯ ಚಿತೆಗೆ ಬೆಂಕಿ ಇಡೋ ದಿನ ಮಗ ಒಂದು ದಿನದ ಮಟ್ಟಿಗೆ ಭಿಕ್ಷುವಿನ ಚೀವರ ಉಡೋದು ಪದ್ಧತಿ. ತಾಯಿಗೆ ಪುಣ್ಯ ಅಂತ. ಎಲ್ಲರೂ ಮಾಡ್ತಾರೆ, ಮಾರನೇ ದಿನ ಪ್ಯಾಂಟ್ ಹಾಕ್ಕೊಂಡು ಮನೆಗೆ ಬರ್ತಾರೆ. ನಾನೂ ಪ್ಯಾಂಟ್ ಇಸ್ತ್ರಿ ಮಾಡಿ ಕುರ್ಚಿ ಮೇಲೆ ಇಟ್ಟಿದ್ದೆ. ಅದರ ಮಾರನೇ ದಿನ ಬರ್ತಾರೆ ಅಂದುಕೊಂಡೆ. ಆಮೇಲೆ ಮಳೆಗಾಲ ಮುಗೀಲಿ ಅಂದ್ರು. ಆಮೇಲೆ ಯಾರೂ ಏನೂ ಅನ್ನಲಿಲ್ಲ. ಹತ್ತೊಂಬತ್ತು ವರ್ಷ.

ಜಗಳ ಆಗಿದ್ರೆ, ಇನ್ನೊಬ್ಬಳು ಇದ್ದಿದ್ರೆ ಬೈಯಬಹುದಿತ್ತು. ಬುದ್ಧನ ಹತ್ರ ಹೋದೋನನ್ನ ಏನಂತ ಬೈಯೋದು? ಊರಿನವರು ನನಗೇ ಕೈಮುಗಿದು 'ಪುಣ್ಯವಂತೆ' ಅಂದ್ರು.

ಜನವರಿ 12, ಶುಕ್ರವಾರ

ಬಂದ್ರು. ಮನೆಗಲ್ಲ, ಕೆಲಸದ ಜಾಗಕ್ಕೆ. ಐದು ಗಂಟೆಗೆ ಗೇಟಿನ ಹೊರಗೆ, ಹುಣಸೆ ಮರದ ಕೆಳಗೆ.

ಮೊದಲು ಗುರುತೇ ಸಿಗಲಿಲ್ಲ. ಭಾವನ ಪ್ಯಾಂಟ್ ಇರಬೇಕು, ಸೊಂಟದಲ್ಲಿ ನೆರಿಗೆ ನೆರಿಗೆ. ತಲೆ ಮೇಲೆ ಬೂದಿ ಬಣ್ಣದ ಮೊಳಕೆ. ಇಲ್ಲಿ ಭಿಕ್ಷುಗಳು ಹುಬ್ಬೂ ಬೋಳಿಸ್ತಾರೆ, ಅದು ಇನ್ನೂ ಬಂದಿಲ್ಲ. ಹುಬ್ಬಿಲ್ಲದ ಮುಖಕ್ಕೆ ಅಂಗಿ ಕಾಲರ್... ಯಾರೋ ಅರ್ಧ ಬರೆದು ಎದ್ದು ಹೋದ ಹಾಗೆ.

ನನ್ನ ಎರಡೂ ಕೈ ತಾವೇ ಹಣೆಗೆ ಹೋದವು. ಮಂಡಿ ಬಗ್ಗಿತು. ಅಭ್ಯಾಸ. ಅವರೂ ಗಾಬರಿಯಾಗಿ ಕೈಮುಗಿದರು. ಇಬ್ಬರೂ ಬಗ್ಗಿ ನಿಂತಿದ್ದು ನೋಡಿ ಯುಪಿನ್ ಹಿಂದಿನಿಂದ, "ಏನು, ಮತ್ತೆ ಮದುವೇನಾ?" ಅಂದಳು. ಅವಳ ಬಾಯಿಗೆ ಮಣ್ಣು ಹಾಕ.

"ಭಂತೆ..." ಅಂದುಬಿಟ್ಟೆ.

"ಭಂತೆ ಅಲ್ಲ ಈಗ."

"ಮತ್ತೆ ಏನು?"

ಚಪ್ಪಲಿ ನೋಡ್ತಾ ನಿಂತರು. ಕ್ಷಮೆ ಕೇಳ್ತಾರೆ ಅಂದುಕೊಂಡೆ. ಕೇಳಿದ್ರೆ ಏನು ಹೇಳೋದು ಅಂತ ಮೂರು ದಿನದಿಂದ ಜೋಡಿಸಿಟ್ಟಿದ್ದೆ. ಅವರು ಕೇಳಿದ್ದು ಬೇರೆ.

"ಈಗ ಈ ಊರಲ್ಲಿ ಒಳ್ಳೇ ಖಾವ್ ಸೋಯ್ ಎಲ್ಲಿ ಸಿಗುತ್ತೆ?"

ಇಷ್ಟು ವರ್ಷದ ಮೇಲೆ ಬಂದು ಕಾಯಿಹಾಲಿನ ನೂಡಲ್ಸ್ ಸಾರು ಕೇಳ್ತಾರೆ! ನಗು ಬಂತು. ಸಿಟ್ಟೂ ಬಂತು. ಯಾವುದು ಮೊದಲು ಬಂತು ಗೊತ್ತಿಲ್ಲ. "ಮಾ ಅಜ್ಜನ ಅಂಗಡಿ ಮುಚ್ಚಿ ಬಹಳ ವರ್ಷ ಆಯ್ತು" ಅಂದೆ.

"ಅಕ್ಕ ಹೇಳಿದ್ಲು. ಅದು ಬಿಟ್ಟು?"

"ಭಾನುವಾರ ರಜೆ ನನಗೆ" ಅಂದೆ. ಯಾಕೆ ಅಂದೆ?

ಜನವರಿ 14, ಭಾನುವಾರ

ಬರೆಯೋಕೆ ಕೂತರೆ ಒಂದು ತೊಂದರೆ. ಅವರು ಅಂತ ಬರೆಯಲಾ, ಅವನು ಅಂತಲಾ? ಮದುವೆಯಾದ ಹೊಸದರಲ್ಲಿ 'ಅವನು'. ಆಮೇಲೆ ಊರಿಗೆಲ್ಲ 'ಅವರು'. ಸುಮ್ಮನೆ ಹೆಸರು ಬರೀತೀನಿ.

ಖಾಂಪಾನ್ ಸ್ಕೂಟರ್ ಹಿಂದೆ ಕೂತ. ಹಿಂದಿನ ಕಂಬಿ ಗಟ್ಟಿಯಾಗಿ ಹಿಡ್ಕೊಂಡು. ಮಧ್ಯೆ ಒಂದು ಅಕ್ಕಿ ಮೂಟೆ ಇಡೋಷ್ಟು ಜಾಗ. ಸೇತುವೆ ಹತ್ರ ಬ್ರೇಕ್ ಹಾಕಿದೆ. ಜಾರಿ ಬಂದು ಬೆನ್ನಿಗೆ ತಾಗಿದ. ಬಿಸಿ ತವೆ ಮುಟ್ಟಿದ ಹಾಗೆ ಹಿಂದಕ್ಕೆ ಹೋದ.

"ಬಿದ್ದು ಸತ್ತರೆ ನಿಮ್ಮಕ್ಕನಿಗೆ ನಾನೇನು ಹೇಳ್ಲಿ? ಸರಿಯಾಗಿ ಕೂತ್ಕೊಳ್ಳಿ!"

"ರೂಢಿ ತಪ್ಪಿದೆ."

"ಮುಟ್ಟಿದ್ರೆ ಪಾಪ ಬರೋ ಕಾಲ ಮುಗೀತಲ್ಲ."

ಗಡಿಯಾರದ ಗೋಪುರದ ಹತ್ರ ಹೊಸ ಅಂಗಡಿ. ಹುಡುಗಿ ಬಂದು ಏನು ಕೊಡ್ಲಿ ಅಂದಳು. ಕೋಳಿ ಕಾಲಾ, ಎದೆಯಾ, ದೊಡ್ಡ ಬಟ್ಟಲಾ ಚಿಕ್ಕದಾ, ಖಾರ ಎಷ್ಟು. ಖಾಂಪಾನ್ ನನ್ನ ಮುಖ ನೋಡಿದ. ಪಾತ್ರೆಗೆ ಬಿದ್ದಿದ್ದು ತಿಂದ ಮನುಷ್ಯ. ಕೋಳಿ ಕಾಲು ಬೇಕು ಅನ್ನೋಕೆ ಬೆವರು ಬಂತು ಅವನಿಗೆ, ಚಳಿಯಲ್ಲಿ.

ಸಾರು ಪಾಯಸ. ಅಷ್ಟು ಸಕ್ಕರೆ. ಮೇಲಿನ ಕರಿದ ನೂಡಲ್ಸ್ ಮೆತ್ತಗೆ. ಸಾಸಿವೆ ಸೊಪ್ಪಿನ ಉಪ್ಪಿನಕಾಯಿ ಹುಳಿಯೇ ಇಲ್ಲ. ಇಬ್ಬರೂ ಪೂರ್ತಿ ತಿಂದ್ವಿ. ಅನ್ನ ಬಿಡೋ ಅಭ್ಯಾಸ ಇಬ್ಬರಿಗೂ ಇಲ್ಲ.

"ಇದಲ್ಲ" ಅಂದ.

"ಅಲ್ಲ" ಅಂದೆ.

ಎಷ್ಟೋ ವರ್ಷದ ಮೇಲೆ ಒಂದು ವಿಷಯಕ್ಕೆ ಇಬ್ಬರದೂ ಒಂದೇ ಮಾತು.

ಜನವರಿ 21, ಭಾನುವಾರ

ಇವತ್ತು ನದಿ ಆಚೆ ದಂಡೆ. ಹೆಂಗಸೊಬ್ಬಳು ಮನೆ ಮುಂದೆ ಮಾಡ್ತಾಳೆ. ಪರವಾಗಿಲ್ಲ. ಆದ್ರೆ ಅರಿಶಿನ ಮುಂದೆ, ಮಿಕ್ಕಿದ್ದೆಲ್ಲ ಹಿಂದೆ.

ಬಟ್ಟಲು ನಮ್ಮದೇ! ಬಾಲ ನೋಡಿದ ಕೂಡಲೇ ಗೊತ್ತಾಯ್ತು, ನನ್ನ ಕೈ. ತೋರಿಸಿದೆ. ಖಾಂಪಾನ್ ಸಾರು ಕುಡಿದು ಮುಗಿಸಿ ಬಟ್ಟಲು ಎತ್ತಿ ಬೆಳಕಿಗೆ ಹಿಡಿದು ನೋಡಿದ. "ಹಾರೋ ಹಾಗಿದೆ" ಅಂದ. ಹುಂಜ ಹಾರಲ್ಲ ಅಂದೆ. ಆದ್ರೂ ಖುಷಿ ಆಯ್ತು. ಬರೆದಿಡ್ತೀನಿ, ಯಾರು ಓದ್ತಾರೆ.

ಆಮೇಲೆ ಜಗಳ. ಸಾರಿನ ಬಗ್ಗೆ.

"ಮಾ ಅಜ್ಜಂದು ಇನ್ನೂ ಗಟ್ಟಿ ಇತ್ತು" ಅಂದ. "ಕಾಯಿಹಾಲು ಮೇಲೆ ಕೆನೆ ಥರ ನಿಲ್ಲೋದು. ಚಮಚ ನಿಲ್ಲಿಸಬಹುದಿತ್ತು."

"ಏನು ಮಾತಾಡ್ತೀರಿ? ತೆಳ್ಳಗಿರೋದು. ಮೆಣಸಿನ ಘಾಟು ಮೂಗಿಗೆ ಹೊಡೆಯೋದು. ಕಾಯಿಹಾಲು ಹೆಸರಿಗಷ್ಟೇ."

"ನಿಂಗೆ ಮರೆತುಹೋಗಿದೆ ಸೆಂಗ್‌ಲಾ."

ನಂಗೆ ಮರೆತುಹೋಗಿದೆ! ಇಲ್ಲೇ ಇದ್ದವಳಿಗೆ!

ಮನೆಗೆ ಬಂದು ಕಣ್ಣು ಮುಚ್ಚಿ ನೋಡಿದೆ. ಎಲ್ಲಾ ಹಾಗೇ ಇದೆ. ರೈಲ್ವೆ ಸ್ಟೇಷನ್ ಹಿಂದೆ ತಗಡಿನ ಮಾಡು. ಬಿಳಿ ಟೋಪಿ ಹಾಕ್ಕೊಂಡ ಮಾ ಅಜ್ಜ. ಅವರಪ್ಪ ಹೇಸರಗತ್ತೆ ಹೊಡ್ಕೊಂಡು ಚೀನಾದ ಯುನ್ನಾನ್ ಬೆಟ್ಟ ಇಳಿದು ಬಂದ ಮುಸಲ್ಮಾನರಂತೆ. ಪಂಜರದಲ್ಲಿ ಒಂದು ಗೊರವಂಕ. ರೈಲಿನ ಸಿಳ್ಳೆ ಎಷ್ಟು ಚೆನ್ನಾಗಿ ಹಾಕ್ತಿತ್ತು ಅಂದ್ರೆ ಕೂಲಿಗಳು ಊಟ ಬಿಟ್ಟು ಓಡ್ತಿದ್ರು. ಬ್ಯಾಂಕಾಕ್ ಗಾಡಿ ಬಂದಾಗ ಡಬ್ಬದಲ್ಲಿದ್ದ ಚಮಚಗಳೆಲ್ಲಾ ಗಲಗಲ ಅನ್ನೋವು. ಮದುವೆಯಾದ ಹೊಸದು. ಮಧ್ಯಾಹ್ನದ ಸಿನಿಮಾ ನೋಡಿ ಅಲ್ಲಿಗೆ ಹೋಗೋದು, ಅಜ್ಜ ಪಾತ್ರೆ ತೊಳೆಯೋ ಮೊದಲು. ಖಾಂಪಾನ್ ಹಣೆ ತುಂಬಾ ಕೂದಲು. ಸಿನಿಮಾ ಹೀರೋ ಹಾಡನ್ನ ಮೂಗಲ್ಲಿ ಹಾಡ್ತಾ ಸಣ್ಣ ಈರುಳ್ಳಿ ಬಾಯಿಗೆ ಹಾಕ್ಕೊಳ್ಳೋನು. ಮಿಂಗ್ ಹೊಟ್ಟೇಲಿದ್ದಾಗ ನಡೆಯೋಕಾಗಲ್ಲ ಅಂತ ಕುದುರೆಗಾಡಿ ಮಾಡಿದ್ದ. ಕುದುರೆ ದಾರಿಯಿಡೀ ಸೀನಿತು. ನಕ್ಕು ನಕ್ಕು, ಇಲ್ಲೇ ಹೆರಿಗೆ ಆಗುತ್ತೆ ನಿಲ್ಸು ಅಂತ ಕೂಗಿದ್ದೆ.

ಸಾರು ತೆಳ್ಳಗೇ ಇತ್ತು. ನನಗೆ ಗೊತ್ತು.

ಜನವರಿ 28, ಭಾನುವಾರ

ಚಿಯಾಂಗ್ ಮಾಯ್ ಹೆದ್ದಾರಿ ಅಂಗಡಿ. ಕ್ಯೂ. ಎಲ್ಲರೂ ತಿನ್ನೋ ಮೊದಲು ಫೋಟೋ. ಬಟ್ಟಲು ನಮ್ಮ ಮುಂದೆ ಬರೋ ಹೊತ್ತಿಗೆ ಖಾಂಪಾನ್ ಕೂತಲ್ಲೇ ತೂಕಡಿಸ್ತಿದ್ದ. ಇದಲ್ಲ. ಇದು ಯಾವುದೂ ಅಲ್ಲ.

ವಾಪಸ್ ಬರುವಾಗ ಕಂಬಿ ಬಿಟ್ಟು ನನ್ನ ಹೆಗಲು ಹಿಡ್ಕೊಂಡ. ಎರಡು ಬೆರಳಲ್ಲಿ. ಬೀಳ್ತಾನೆ ಅಂತ ಇರಬೇಕು. ರಸ್ತೆ ನುಣ್ಣಗಿತ್ತು.

"ಆಯ್, ಮೆಲ್ಲಗೆ ಹೋಗ್ಲಾ?" ಅಂತ ಕೇಳಿದೆ. ಆಯ್... ಅಣ್ಣ ಅಂತ ಅರ್ಥ, ಇಲ್ಲಿನ ಹೆಂಗಸರು ಗಂಡನ್ನ ಕರೆಯೋದೂ ಹಾಗೇ. ಬಾಯಿಂದ ತಾನೇ ಬಂತು. ಹೆಲ್ಮೆಟ್ ಒಳಗಿಂದ ಅವನಿಗೆ ಕೇಳಿಸ್ತೋ ಇಲ್ವೋ. ಎರಡನೇ ಸಲ ಹೇಳಲಿಲ್ಲ.

ಫೆಬ್ರವರಿ 4, ಭಾನುವಾರ

ಹೆಲ್ಮೆಟ್ ಕೂಡ ತೆಗೆಯದೆ ಬರೆಯೋಕೆ ಕೂತಿದೀನಿ.

ಇವತ್ತು ಸಂತೆ ಬೀದಿ ಅಂಗಡಿ. ಅಲ್ಲಿಂದಲೇ ನಾನು ವರ್ಷ ವರ್ಷ ಖಾವ್ ಸೋಯ್ ಕಟ್ಟಿಸ್ತಿದ್ದೆ. ಅವನ ಹುಟ್ಟಿದ ದಿನ. ಸಾರು ಒಂದು ಪ್ಲಾಸ್ಟಿಕ್ ಚೀಲ, ನೂಡಲ್ಸ್ ಒಂದು, ಉಪ್ಪಿನಕಾಯಿ ಒಂದು. ಹಿಂದಿನ ದಿನ ತಂದು ಬೆಳಿಗ್ಗೆ ಕತ್ತಲಲ್ಲೇ ಬಿಸಿ ಮಾಡಿ, ಸ್ಕೂಟರಲ್ಲಿ ಬೆಟ್ಟದ ವಿಹಾರದ ತಪ್ಪಲಿಗೆ ಹೋಗಿ, ರಸ್ತೆ ಬದಿ ಮಂಡಿಯೂರಿ ಕೂರೋದು. ಭಿಕ್ಷುಗಳ ಸಾಲು ಬರೋದು. ಅವನು ಬಂದಾಗ ಪಾತ್ರೆಗೆ ಹಾಕೋದು. ಅವನು ನನ್ನ ಮುಖ ನೋಡೋ ಹಾಗಿಲ್ಲ, ನಾನು ಮಾತಾಡೋ ಹಾಗಿಲ್ಲ. ಆಶೀರ್ವಾದ ಹೇಳಿ ಮುಂದೆ ಹೋಗೋನು. ವರ್ಷಕ್ಕೆ ಒಂದು ಸಲ ಅವನು ಅದನ್ನ ತಿಂತಾನೆ, ನನಗೆ ಅಷ್ಟು ಸಾಕಿತ್ತು.

ಇವತ್ತು ಕೇಳಿದೆ. ನಗ್ತಾನೇ ಕೇಳಿದೆ. "ನಾನು ಹಾಕ್ತಿದ್ದದ್ದು ಇದೇ ಅಂಗಡೀದು. ಆಗ ಇಷ್ಟ ಆಗ್ತಿತ್ತಾ?"

ಚಮಚ ಕೆಳಗಿಟ್ಟ.

"ಸುಳ್ಳು ಹೇಳ್ಲಾ, ನಿಜ ಹೇಳ್ಲಾ?"

"ಇಷ್ಟು ದಿನ ಬುದ್ಧನ ಹತ್ರ ಇದ್ದಿದ್ದು ಯಾತಕ್ಕೆ ಮತ್ತೆ?"

"ನಾನು ತಿಂದಿಲ್ಲ. ದೊಡ್ಡ ಗುರುಗಳಿಗೆ ಅದು ಪ್ರಾಣ. ಚೀಲ ನೋಡಿದ ಕೂಡಲೇ ಅವರ ಕಣ್ಣು ಅರಳೋದು. ಅವರಿಗೇ ಕೊಡ್ತಿದ್ದೆ."

"ಪ್ರತಿ ಸಲಾನೂ?"

"ಪ್ರತಿ ಸಲಾನೂ. ಪಾಪ, ನಿನ್ನ ದಾರಿ ಕಾಯೋರು. ಖಾಂಪಾನ್, ನಿನ್ನ ಹುಟ್ಟುಹಬ್ಬ ಇನ್ನೂ ಎಷ್ಟು ದೂರ ಇದೆ ಅಂತ ಕೇಳೋರು."

ಈಗ ಬರೆಯುವಾಗ ನಗು ಬರ್ತಿದೆ. ಆಗ ಬರಲಿಲ್ಲ. ಇಷ್ಟು ವರ್ಷ ನಾನು ಆ ಮುದುಕನಿಗೆ ಖಾವ್ ಸೋಯ್ ತಿನ್ನಿಸಿದೆ!

ಒಂದು ಸಲ ಬಾಯಿ ತೆರೆದ ಮೇಲೆ ಮಿಕ್ಕಿದ್ದೂ ಬಂತು. ಯಾಕೆ ಹೋದ್ರಿ ಅಂತ ಕೇಳೇಬಿಟ್ಟೆ. ಅಂಗಡಿಯವಳು ಪಾತ್ರೆ ತೊಳೆಯೋದು ನಿಲ್ಲಿಸಿ ಕೇಳಿಸ್ಕೊಂಡಳು. ಕೇಳಿಸ್ಕೊಳ್ಳಲಿ.

"ಒಂದು ದಿನಕ್ಕೇ ಅಂತ ಉಟ್ಟಿದ್ದು" ಅಂದ. "ಮಾರನೇ ದಿನ ಎದ್ದೆ. ಯಾರೂ ನನ್ನನ್ನ ಏನೂ ಕೇಳಲಿಲ್ಲ. ಅಂಗಡಿಯಿಂದ ಏನು ತರಬೇಕು, ಅಮ್ಮನ ಗದ್ದೆ ಯಾರಿಗೆ, ಮಾಡು ಯಾವಾಗ ರಿಪೇರಿ, ಏನೂ ಇಲ್ಲ. ಗಂಟೆ ಹೊಡೆದ್ರೆ ಏಳೋದು, ಹೊಡೆದ್ರೆ ಕೂರೋದು. ಇನ್ನೊಂದು ದಿನ ಇರೋಣ ಅನ್ನಿಸ್ತು. ದಿನಾ ಹಾಗೇ ಅನ್ನಿಸ್ತು."

"ನಿಮ್ಮನ್ನ ಕೇಳದೆ ಬಿಟ್ಟಿದ್ದೆಲ್ಲಾ ನನ್ನನ್ನ ಕೇಳ್ತಿದ್ರು."

ತಲೆ ತಗ್ಗಿಸಿದ.

"ಈಗ ಯಾಕೆ ಬಂದ್ರಿ?"

"ದೊಡ್ಡ ಗುರುಗಳು ಹೋದ ಮಳೆಗಾಲದಲ್ಲಿ ತೀರಿಕೊಂಡ್ರು. ನನ್ನನ್ನೇ ಮುಖ್ಯಸ್ಥ ಮಾಡ್ತೀವಿ ಅಂದ್ರು. ಹೊಸ ಮಂಟಪ, ಕಮಿಟಿ, ಎಲ್ಲಾ ನನ್ನನ್ನೇ ಕೇಳೋಕೆ ಶುರು ಮಾಡಿದ್ರು..."

"ಅಲ್ಲಿಂದಲೂ ಓಡಿ ಬಂದ್ರಿ."

ನಾನು ಎದ್ದೆ. ಸ್ಕೂಟರ್ ಹತ್ತಿ ಒಬ್ಬಳೇ ಬಂದೆ. ಅವನು ಹೇಗೆ ಮನೆಗೆ ಹೋದನೋ.

ಫೆಬ್ರವರಿ 11, ಭಾನುವಾರ

ಸ್ಕೂಟರ್ ತೊಳೆದೆ. ಸೀಟನ್ನೂ. ಮನೆ ಒರೆಸಿದೆ. ಮಧ್ಯಾಹ್ನ ಅನ್ನ, ಮೆಣಸಿನಕಾಯಿ ಚಟ್ನಿ, ಬೇಯಿಸಿದ ಸೊಪ್ಪು. ಗೇಟಿನ ಹತ್ರ ಯಾರೂ ಬರಲಿಲ್ಲ. ಒಳ್ಳೇದಾಯ್ತು.

ಫೆಬ್ರವರಿ 20, ಮಂಗಳವಾರ

ಮೂನ್ ಅತ್ತಿಗೆ ಸಂತೇಲಿ ಸಿಕ್ಕಿದ್ರು. ನಾನು ಕೇಳಲಿಲ್ಲ, ಅವರೇ ಹೇಳಿದ್ರು. ಖಾಂಪಾನ್ ಬೆಳಿಗ್ಗೆ ತಿಂಡಿ ತಿಂದು ಭಾವನ ಸೈಕಲ್ ಹತ್ತಿ ಹೋಗ್ತಾನಂತೆ. ಬಿಸಿಲು ಇಳಿದ ಮೇಲೆ ಬರ್ತಾನಂತೆ. ಎಲ್ಲಿಗೆ ಅಂದ್ರೆ ಬಾಯಿ ಬಿಡಲ್ಲ.

"ಬೇರೆ ವಿಹಾರ ಹುಡುಕ್ತಾ ಇರ್ತಾನೆ ಕಣೇ" ಅಂದ್ರು ಅತ್ತಿಗೆ, ಬದನೆಕಾಯಿ ಆರಿಸ್ತಾ. "ಚಿಕ್ಕವನಿದ್ದಾಗಲೂ ಅಷ್ಟೇ. ಗಣಿತದ ಪರೀಕ್ಷೆ ದಿನ ಎಮ್ಮೆ ಜೊತೆ ಹಳ್ಳದಲ್ಲಿ ಇರೋನು."

ಹೋಗಲಿ. ಒಂದು ಸಲ ಹೋದವನು. ಎರಡನೇ ಸಲಕ್ಕೆ ನೋವಾಗಬಾರದು... ಆಗ್ತಿದೆಯಾ? ಬದನೆಕಾಯಿ ತರೋದು ಮರೆತು ಬಂದೆ.

ಮಾರ್ಚ್ 3, ಭಾನುವಾರ

ಬೆಳಿಗ್ಗೆ ಗೇಟಿನಲ್ಲಿ ಸೈಕಲ್ ಬೆಲ್. ಖಾಂಪಾನ್. ಕಪ್ಪಗಾಗಿದಾನೆ, ಸೊರಗಿದಾನೆ. ಹುಬ್ಬು ಬಂದಿದೆ! ಅರ್ಧ ಬಿಳಿ. ಈಗ ಮುಖ ಅವನದ್ದು ಅನ್ನಿಸ್ತು.

ನಾನು ಗೇಟ್ ತೆಗೀಲಿಲ್ಲ. ಕಂಬಿ ಆಚೆಯಿಂದಲೇ ಹೇಳಿದ. "ಸಿಕ್ತು."

"ಏನು?"

"ಮಾ ಅಜ್ಜನ ಮಗಳು. ಸಾಲಿಮಾ. ಚಿಕ್ಕೋಳಿದ್ದಾಗ ಚಮಚ ಒರೆಸ್ತಿದ್ಲಲ್ಲ. ಕೋ ಖಾ ಕಡೆ ಇದಾಳೆ. ಬೋರ್ಡೂ ಇಲ್ಲ ಏನೂ ಇಲ್ಲ. ಮಸೀದಿ ಮಸೀದಿ ಕೇಳ್ಕೊಂಡು ಹೋದೆ."

"ತಿಂದ್ರಾ?"

"ಇಲ್ಲ. ನಿನ್ನ ಬಿಟ್ಟು ಹೇಗೆ ತಿನ್ನಲಿ?"

ಬಿಟ್ಟು ಹೋಗೋಕೆ ಬರುತ್ತೆ, ಬಿಟ್ಟು ತಿನ್ನೋಕೆ ಬರಲ್ಲ... ಬಾಯಿ ತುದಿಗೆ ಬಂತು. ನುಂಗಿಕೊಂಡೆ. ಬಿಸಿಲಲ್ಲಿ ಇಷ್ಟು ದಿನ ಸೈಕಲ್ ತುಳಿದಿದಾನೆ ಅರವತ್ತರ ಮುದುಕ. ಸ್ಕೂಟರ್ ಕೀ ತಂದೆ.

ಸಾಲಿಮಾ ಮನೆ ಮುಂದೆ ಮಾವಿನ ಮರ, ನಾಲ್ಕು ಮೇಜು. ತಲೆವಸ್ತ್ರ ಕಟ್ಟಿದ ದಪ್ಪ ಹೆಂಗಸು. ನಮ್ಮನ್ನ ನೋಡಿದಳು. ಸೌಟು ಹಿಡಿದ ಕೈ ಹಾಗೇ ನಿಂತಿತು.

"ಅಯ್ಯೋ! ಗಟ್ಟಿ ಸಾರು!" ಅಂದಳು ಅವನಿಗೆ. ಆಮೇಲೆ ನನ್ನ ಕಡೆ ತಿರುಗಿ, "ತೆಳು ಸಾರು!"

ನಮಗೆ ಅರ್ಥ ಆಗಲಿಲ್ಲ.

"ಅಪ್ಪ ಇಟ್ಟ ಹೆಸರು. ಗಟ್ಟಿ ಬಂದ, ತೆಳು ಬಂದ್ಲು, ಬಟ್ಟಲು ತೊಳಿ ಅನ್ನೋನು ನಂಗೆ. ಅಕ್ಕಾ, ನಿಮಗೆ ಬಸುರಲ್ಲಿ ವಾಂತಿ ಅಲ್ವಾ? ಕಾಯಿಹಾಲು ಆಗ್ತಿರಲಿಲ್ಲ. ಅಪ್ಪ ನಿಮಗೆ ಅಂತ ಬೇರೆ ಚಿಕ್ಕ ಪಾತ್ರೆ ಇಡ್ತಿದ್ದ. ಮೊದಲ ಹಾಲು ಹಾಕದೆ, ಮೆಣಸು ಜಾಸ್ತಿ ಹಾಕಿ."

"ಮಗು ಆದ ಮೇಲೆ?"

"ಆಮೇಲೂ ಅದೇ. ನೀವು ಕೇಳಲಿಲ್ಲ, ಅಪ್ಪ ಬದಲಾಯಿಸಲಿಲ್ಲ. ಇಷ್ಟ ಅಂದುಕೊಂಡ."

ಖಾಂಪಾನ್ ನನ್ನ ನೋಡಿದ. ನಾನು ಅವನನ್ನ ನೋಡಿದೆ. ಅಷ್ಟು ವರ್ಷ ಒಂದೇ ಮೇಜಲ್ಲಿ ಎದುರುಬದುರು ಕೂತು ಇಬ್ಬರೂ ಬೇರೆ ಬೇರೆ ತಿಂದಿದ್ವಿ. ಒಂದು ಸಲಾನಾದ್ರೂ ಅವನ ಬಟ್ಟಲಿಗೆ ಚಮಚ ಹಾಕಿದ್ರೆ ಗೊತ್ತಾಗ್ತಿತ್ತು. ಅವನಾದ್ರೂ ಹಾಕಬಹುದಿತ್ತು.

ಎರಡು ಬಟ್ಟಲು ತಂದಿಟ್ಟಳು. ಕಪ್ಪು ಏಲಕ್ಕಿ ವಾಸನೆ ಮೊದಲು ಬಂತು. ಹೊಗೆಯ ಥರ. ಬೇರೆ ಎಲ್ಲೂ ಇರಲಿಲ್ಲ ಅದು. ಅದೇ ಇಲ್ಲದೆ ಇದ್ದದ್ದು. ಬಾಯಿಗಿಟ್ಟೆ. ತಗಡಿನ ಮಾಡು, ಸಿಳ್ಳೆ ಹಾಕೋ ಗೊರವಂಕ, ಕಾಲು ಊದಿದ ಬಸುರಿ ನಾನು, ಎದುರಿಗೆ ಹಣೆ ತುಂಬಾ ಕೂದಲಿನವನು ಈರುಳ್ಳಿ ಅಗಿಯೋ ಶಬ್ದ... ಎಲ್ಲಾ ಒಟ್ಟಿಗೆ ಬಂತು. ಅಳಲಿಲ್ಲ. ಮೆಣಸಿಗೆ ಕಣ್ಣಲ್ಲಿ ನೀರು ಬಂತು, ಅಷ್ಟೇ.

ಖಾಂಪಾನ್ ತನ್ನ ಬಟ್ಟಲು ನನ್ನ ಕಡೆ ತಳ್ಳಿದ. ಒಂದು ಚಮಚ ಕುಡಿದೆ. ಕೆನೆ ಕೆನೆ, ಮೆತ್ತಗೆ, ಸಿಹಿ ಅಂಚು.

"ಹೇಗಿದೆ?"

"ಇದನ್ನ ತಿಂದೇ ನೀವು ಸೋಮಾರಿ ಆಗಿದ್ದು."

ಸಾಲಿಮಾ ಬಿದ್ದು ಬಿದ್ದು ನಕ್ಕಳು. ಮಾ ಅಜ್ಜ ತೀರಿಕೊಂಡು ಎಷ್ಟೋ ವರ್ಷ ಆಯ್ತಂತೆ. ಕೊನೆಗಾಲದಲ್ಲಿ ಯಾರ ಹೆಸರೂ ನೆನಪಿರಲಿಲ್ಲ, ಯಾರ ಸಾರು ಹೇಗೆ ಅನ್ನೋದು ಮಾತ್ರ ಹೇಳ್ತಿದ್ರಂತೆ.

ಮಾರ್ಚ್ 4, ಸೋಮವಾರ

ಯುಪಿನ್ ಕೇಳಿದಳು, ಯಾಕೆ ಇವತ್ತು ಹಾಡ್ತಿದೀಯಾ ಅಂತ. ನಾನು ಹಾಡ್ತಿರಲಿಲ್ಲ. ಮೂಗಲ್ಲಿ ಏನೋ ಬಂದಿರಬೇಕು.

ಮಾರ್ಚ್ 17, ಭಾನುವಾರ

ಹೊಗೆ. ಗುಡ್ಡಕ್ಕೆಲ್ಲಾ ಬೆಂಕಿ ಬಿದ್ದಿದೆ, ಎದುರಿನ ಬೀದಿ ಕಾಣಲ್ಲ. ಮಾಸ್ಕ್ ಹಾಕ್ಕೊಂಡೇ ಕೋ ಖಾಗೆ ಹೋದೆ. ಸಾಲಿಮಾಗೆ ಉಪವಾಸದ ತಿಂಗಳು ಶುರುವಾಗಿದೆ. ಹಗಲು ಅಂಗಡಿ ಇಲ್ಲ, ಸಂಜೆ ಮಸೀದಿಗೆ ದೊಡ್ಡ ಪಾತ್ರೆ ಕಳಿಸ್ತಾಳೆ. ಖಾಂಪಾನ್ ಅಲ್ಲೇ ಇದ್ದ. ನಾವು ತಿಂದು ಬಂದ ಮಾರನೇ ದಿನದಿಂದ ಹೋಗ್ತಿದಾನಂತೆ. ಒರಳಲ್ಲಿ ಮಸಾಲೆ ಕುಟ್ಟೋದು, ಕಾಯಿ ತುರಿದು ಹಿಂಡೋದು. ಅಂಗೈಯಲ್ಲಿ ಬೊಬ್ಬೆ. ನನಗೆ ಹೇಳೇ ಇಲ್ಲ.

ಸಾಲಿಮಾ ತಮಾಷೆ ಮಾಡಿದಳು. "ಅಕ್ಕಾ, ನಿಮ್ಮೋರು ವಿಹಾರದ ರೂಢಿ ಅಂತ ಮಧ್ಯಾಹ್ನದ ಮೇಲೆ ತಿನ್ನಲ್ಲ, ನಾವು ಸೂರ್ಯ ಮುಳುಗೋವರೆಗೂ ತಿನ್ನಲ್ಲ. ಇಬ್ಬರನ್ನೂ ಒಂದೇ ಮನೇಲಿ ಇಟ್ರೆ ಒಲೆ ಹಚ್ಚೋದೇ ಬೇಡ."

"ಇವರು ನನ್ನೋರಲ್ಲ" ಅಂದೆ.

"ಮತ್ತೆ ಯಾರೋರು?"

ಖಾಂಪಾನ್ ಜೋರಾಗಿ ಕುಟ್ಟಿದ.

"ಇವರು ಕೆಲಸಕ್ಕೆ ಸರಿಯಾಗಿ ಬರ್ತಾರಾ?" ಅಂತ ಕೇಳಿದೆ ಅವಳನ್ನ, ಒಳಗೆ ಕರ್ಕೊಂಡು ಹೋಗಿ.

"ನಾನು ಏಳೋ ಮೊದಲೇ ಬಂದು ಮಾವಿನ ಮರದ ಕೆಳಗೆ ಕೂತಿರ್ತಾರೆ. ಈಗ ಎಲ್ಲಾ ಅವರನ್ನೇ ಕೇಳೋದು ನಾನು. ಮೆಣಸು ಸಾಕಾ, ಕಾಯಿ ಬಲಿತಿದೆಯಾ ಅಂತ."

ಹೊರಡುವಾಗ ಸ್ಕೂಟರ್ ಹತ್ರ ಬಂದ. ಮಸಾಲೆ ಕೈ ಪ್ಯಾಂಟಿಗೆ ಒರೆಸ್ಕೊಂಡ. ಅರಿಶಿನದ ಎರಡು ಪಟ್ಟೆ.

"ಸೆಂಗ್‌ಲಾ. ಮನೆಗೆ ಬರ್ಲಾ?"

ಎಷ್ಟು ವರ್ಷ ಈ ಮಾತಿಗೆ ಕಾದಿದ್ದೆ. ಕುರ್ಚಿ ಮೇಲೆ ಇಸ್ತ್ರಿ ಮಾಡಿಟ್ಟ ಪ್ಯಾಂಟ್ ಕಾದಿತ್ತು. ಇವತ್ತು ಬಂತು. ಬಂದಾಗ ನನ್ನ ಮಂಚ ನೆನಪಾಯ್ತು. ಮಧ್ಯದಲ್ಲಿ ಮಲಗ್ತೀನಿ ನಾನು, ಕೈಕಾಲು ಚಾಚಿ. ಬೆಳಿಗ್ಗೆ ರೇಡಿಯೋ ನನಗೆ ಬೇಕಾದಷ್ಟು ಜೋರಾಗಿ. ಯಾರ ಮುಖ ನೋಡಿ ಎದ್ದೆ ಅನ್ನೋದಿಲ್ಲ. ಅದೆಲ್ಲಾ ಸುಮ್ಮನೆ ಸಿಕ್ಕಿದ್ದಲ್ಲ.

"ಊಟಕ್ಕೆ ಬನ್ನಿ" ಅಂದೆ. "ಮಲಗೋಕೆ ನಿಮ್ಮಕ್ಕನ ಮನೆ ಇದೆ."

"ಯಾವಾಗ ಬರ್ಲಿ ಊಟಕ್ಕೆ?"

"ಏಪ್ರಿಲ್‌ನಲ್ಲಿ ನೀರಿನ ಹಬ್ಬಕ್ಕೆ ಮಿಂಗ್ ಬರ್ತಾಳೆ. ಆಗ."

ಮುಖ ಬಿಳಿಚಿಕೊಂಡಿತು. ಮಗಳ ಹೆಸರಿಗೆ. ಈ ಸಲ ಓಡ್ತಾನೆ ಅಂದುಕೊಂಡೆ.

"ಬರ್ತೀನಿ" ಅಂದ.

ಏಪ್ರಿಲ್ 7, ಭಾನುವಾರ

ಮಿಂಗ್ ಫೋನ್.

"ಆ ಮನುಷ್ಯ ಇರ್ತಾರಾ?"

"ಊಟಕ್ಕೆ ಕರೆದಿದೀನಿ."

"ಹಂಗಾದ್ರೆ ನಾನು ಬರಲ್ಲ."

"ಸರಿ."

"ಸರಿ ಅಂದ್ರೆ? ಬಾ ಅಂತ ಕರೆಯಲ್ವಾ ನೀನು?"

"ನಿನ್ನ ಮನೆ ಇದು. ಕರೆಯೋದು ನೆಂಟರನ್ನ. ಅವರು ನೆಂಟರು."

ಆಮೇಲೆ, "ಅಮ್ಮ, ನಿಂಗೆ ಖುಷಿನಾ?"

ಯಾರೂ ಕೇಳಿರಲಿಲ್ಲ ಇದನ್ನ. "ಭಾನುವಾರಗಳು ಚೆನ್ನಾಗಿದ್ವು" ಅಂದೆ. ನಿಜ ಹೇಳಬೇಕಂದ್ರೆ ಅಷ್ಟೇ. ಅದಕ್ಕಿಂತ ಜಾಸ್ತಿ ಹೇಳಿದ್ರೆ ಸುಳ್ಳಾಗ್ತಿತ್ತು, ಕಮ್ಮಿ ಹೇಳಿದ್ರೂ.

ಏಪ್ರಿಲ್ 13, ಶನಿವಾರ

ಬಂದಳು. ಬಸ್ ಇಳಿದವಳ ಮೇಲೆ ಬೀದಿ ಹುಡುಗರು ನೀರು ಸುರಿದಿದ್ರು. ತೊಪ್ಪೆಯಾಗಿ ಬಾಗಿಲಲ್ಲಿ ನಿಂತಳು, ಚಿಕ್ಕವಳಿದ್ದ ಹಾಗೇ. ತಲೆ ಒರೆಸಿದೆ. ಅವಳ ಹುಬ್ಬು ಅವನದ್ದೇ. ಇಷ್ಟು ದಿನ ನೋಡೇ ಇರಲಿಲ್ಲ ನಾನು.

ಅವನ ಬಗ್ಗೆ ಒಂದು ಮಾತೂ ಆಡಲಿಲ್ಲ. ನಾನೂ ಆಡಲಿಲ್ಲ.

ಏಪ್ರಿಲ್ 15, ಸೋಮವಾರ, ಮಧ್ಯಾಹ್ನ

ಒಳಕೋಣೆಯಲ್ಲಿ ಕೂತು ಬರೀತಿದೀನಿ. ಟವೆಲ್ ತರ್ತೀನಿ ಅಂತ ಎದ್ದು ಬಂದವಳು ವಾಪಸ್ ಹೋಗಿಲ್ಲ.

ಹಿರಿಯರ ಕೈಗೆ ನೀರೆರೆಯೋ ದಿನ ಇವತ್ತು. ಹತ್ತು ಗಂಟೆಗೆ ಬಂದ. ಹೊಸ ಅಂಗಿ, ಮಡಿಕೆ ಇನ್ನೂ ಹೋಗಿಲ್ಲ. ಒಂದು ಕೈಯಲ್ಲಿ ಸಾರಿನ ಕ್ಯಾರಿಯರ್. ಸಾಲಿಮಾ ಒಲೆ ಕೊಟ್ಟಿದಾಳೆ, ಅಡುಗೆ ತಾನೇ ಮಾಡಿದ್ದಂತೆ. ಮಿಂಗ್ ಕೈಮುಗಿದಳು. ಬ್ಯಾಂಕಿಗೆ ಬಂದವರಿಗೆ ಮುಗಿದ ಹಾಗೆ.

ಬೆಳ್ಳಿ ಬಟ್ಟಲಲ್ಲಿ ಮಲ್ಲಿಗೆ ನೀರು. ಮಿಂಗ್ ನನ್ನ ಮುಂದೆ ಮಂಡಿಯೂರಿ ಕೈಗೆ ನೀರೆರೆದ್ಲು, ನನ್ನ ಕೈ ತಲೆಗೆ ಒತ್ತಿಕೊಂಡಳು. ಹರಸಿದೆ. ಬಟ್ಟಲಲ್ಲಿ ಇನ್ನೂ ನೀರಿತ್ತು. ಪಕ್ಕದಲ್ಲಿ ಅವನು ಕೂತಿದ್ದ. ಕೈ ಮುಂದೆ ಚಾಚಲಿಲ್ಲ, ಮಂಡಿ ಮೇಲೆ ಮಡಚಿಟ್ಟುಕೊಂಡೇ ಇದ್ದ. ಮಿಂಗ್ ಬಟ್ಟಲನ್ನ ನೋಡಿದಳು, ಅವನ ಕೈ ನೋಡಿದಳು. ಬೊಬ್ಬೆ ಒಣಗಿದ ಗುರುತು. ಎದ್ದು ಬಟ್ಟಲನ್ನ ಕಪಾಟಿನ ಮೇಲೆ ಇಟ್ಟಳು. ನೀರು ಚೆಲ್ಲಲಿಲ್ಲ. ಎರೆಯಲೂ ಇಲ್ಲ.

ಊಟಕ್ಕೆ ಅಡುಗೆಮನೆ ಮೇಜಿಗೇ ಕೂತ್ವಿ. ಅವನೇ ಬಡಿಸಿದ. ನನಗೆ ತೆಳು. ಮಿಂಗ್‌ಗೆ ಯಾವುದು ಅಂತ ಗೊತ್ತಿಲ್ಲದೆ ಸೌಟು ಹಿಡಿದು ನಿಂತ. "ಗಟ್ಟೀನಾ, ತೆಳ್ಳಗಾ?" ಅಂದ. ಮಗಳನ್ನ ಕೇಳಿದ ಮೊದಲನೇ ಪ್ರಶ್ನೆ ಇದು. ಅವಳು ಬಟ್ಟಲನ್ನಷ್ಟೇ ಮುಂದೆ ತಳ್ಳಿದಳು. ಎರಡನ್ನೂ ಅರ್ಧರ್ಧ ಹಾಕಿದ.

ಆಗ ನಾನು ಎದ್ದು ಬಂದೆ.

ಈಗ ಕೇಳಿಸ್ತಿರೋದು ಬರೀ ಚಮಚದ ಶಬ್ದ. ಹೊರಗೆ ಬೀದೀಲಿ ಮಕ್ಕಳ ಕೂಗು, ನೀರು ಎರಚೋ ಸದ್ದು. ಚಮಚ ನಿಂತಿತು.

"ನಿಂಬೆಹಣ್ಣು ಇಲ್ವಾ?" ಮಿಂಗ್.

ಕುರ್ಚಿ ಸರಿದ ಸದ್ದು. ಒಂದು ಕಪಾಟು ತೆಗೆದ. ಮುಚ್ಚಿದ. ಇನ್ನೊಂದು. ಫ್ರಿಜ್. ಮತ್ತೆ ಮೊದಲನೇ ಕಪಾಟು. ಈ ಅಡುಗೆಮನೇಲಿ ಯಾವುದು ಎಲ್ಲಿದೆ ಅಂತ ಅವನಿಗೆ ಹೇಗೆ ಗೊತ್ತಾಗಬೇಕು.

"ಅಮ್ಮನ್ನ ಕೇಳ್ಲಾ?" ಅವನ ಸ್ವರ, ಸಣ್ಣಗೆ.

"ಬೇಡ. ಅಮ್ಮನ್ನ ಕೇಳಬೇಡಿ. ನೀವೇ ಹುಡುಕಿ."

ನಿಂಬೆಹಣ್ಣು ಹಿತ್ತಿಲ ಬಾಗಿಲ ಹೊರಗೆ ಬುಟ್ಟೀಲಿದೆ. ಹೇಳಲ್ಲ ನಾನು. ಡಬ್ಬಿ ಬಿತ್ತು ಒಂದು. ಅಕ್ಕಿ ಇರಬೇಕು. ಚೆಲ್ಲಿತು. ಚೆಲ್ಲಲಿ. ಮಿಂಗ್ ಏನೋ ಗೊಣಗಿದಳು. ಈಗ ಎರಡನೇ ಕುರ್ಚಿ ಸರಿದ ಸದ್ದು. ಅವಳ ಹೆಜ್ಜೆ. ಅವನ ಹೆಜ್ಜೆ, ಹಿಂದೆ. ಹಿತ್ತಿಲ ಬಾಗಿಲಿನ ಚಿಲಕ ಗಟ್ಟಿ, ಒಬ್ಬರ ಕೈಲಿ ತೆಗೆಯೋಕಾಗಲ್ಲ, ಒಬ್ಬರು ಬಾಗಿಲನ್ನ ಒಳಕ್ಕೆ ಎಳ್ಕೊಂಡು ಹಿಡಿದ್ರೆ ಇನ್ನೊಬ್ಬರು ಚಿಲಕ ಎಳೀಬೇಕು. ಟಕ್ ಅಂತು ಚಿಲಕ.